ಹಾಲೇಶಣ್ಣನ ಮೀನು

ಬಣಕಲ್ಲಿನಲ್ಲಿ ಬಸ್ಸು ನಿಂತಾಗ ಕಿಟಕಿಯಿಂದ ನೀವು ಎಂದಾದರೂ ಒಬ್ಬ ಹೆಂಗಸನ್ನು ನೋಡಿರಬಹುದು. ಸೆರಗನ್ನು ಸೊಂಟಕ್ಕೆ ಸಿಕ್ಕಿಸಿ, ಕೈಯಲ್ಲಿ ಒಂದು ದಾರದ ತುದಿ ಹಿಡಿದು, ರಸ್ತೆ ಬದಿಯಲ್ಲಿ ಅತ್ತಿಂದಿತ್ತ ಓಡುತ್ತಿರುತ್ತಾಳೆ. ಅದು ನಾನೇ. ತಲೆ ಕೆಟ್ಟಿಲ್ಲ. ಆ ಹೊತ್ತಿಗೆ ನಾನು ಮೀನಾಗಿರುತ್ತೇನೆ, ಅಷ್ಟೇ.

ನನ್ನ ಹೆಸರು ಶಿಲ್ಪಾ, ಲೇಡೀಸ್ ಟೈಲರ್. ನನ್ನ ಅಂಗಡಿಗೂ ಪಕ್ಕದ ಹಾಲೇಶಣ್ಣನ ಅಂಗಡಿಗೂ ನಡುವೆ ಒಂದೇ ಗೋಡೆ, ಅದೂ ಹಲಗೆಯದು. ಅವನು ಆ ಕಡೆ ಸೀನಿದರೆ ಈ ಕಡೆ ನನ್ನ ಸೂಜಿ ಅಲುಗುತ್ತದೆ. ಅವನ ಅಂಗಡಿಯ ಬೋರ್ಡಿನಲ್ಲಿ ಇವತ್ತಿಗೂ ‘ಕೊಡೆ, ಬೀಗ, ಸ್ಪ್ರೇಯರ್ ರಿಪೇರಿ’ ಎಂದೇ ಇದೆ. ಅದು ಅವನ ಅಪ್ಪನ ಕಾಲದ ಬೋರ್ಡು. ಒಳಗೆ ಹೋದರೆ ಕೊಡೆಗಳು ಒಂದು ಮೂಲೆಯಲ್ಲಿ ಧೂಳು ಹಿಡಿದು ಬಿದ್ದಿರುತ್ತವೆ. ಉಳಿದ ಜಾಗದಲ್ಲೆಲ್ಲ ಮೀನು ಹಿಡಿಯುವ ಕೋಲುಗಳು.

ಇದು ಶುರುವಾದದ್ದು ಹೀಗೆ. ಹೋಂ ಸ್ಟೇಗೆ ಬಂದ ಯಾರೋ ಪ್ರವಾಸಿಗರು ಮುರಿದ ಫಿಶಿಂಗ್ ರಾಡ್ ಒಂದನ್ನು ತಂದು, ‘ಇದನ್ನು ಸರಿ ಮಾಡೋಕಾಗುತ್ತಾ’ ಎಂದು ಕೇಳಿದರು. ಹಾಲೇಶಣ್ಣನ ಬಾಯಲ್ಲಿ ‘ಆಗಲ್ಲ’ ಎನ್ನುವ ಮಾತು ಹುಟ್ಟಿದಾಗಿನಿಂದ ಬಂದಿಲ್ಲ. ಕೊಡೆಯ ಕಡ್ಡಿಯ ತುಂಡನ್ನು ಒಳಗೆ ತೂರಿಸಿ, ಮೇಲೆ ದಾರ ಸುತ್ತಿ, ವಾರ್ನಿಷ್ ಹೊಡೆದು ಕೊಟ್ಟ. ಅದು ಹೊಸದಕ್ಕಿಂತ ಚೆನ್ನಾಗಿದೆ ಎಂದು ಅವರು ಹೇಳಿಹೋದದ್ದೇ ತಡ, ಇವನ ತಲೆ ತಿರುಗಿತು. ಮೊಬೈಲಿನಲ್ಲಿ ವಿಡಿಯೋ ನೋಡಿದ. ಖಾಲಿ ಕಾರ್ಬನ್ ಕೋಲು ತರಿಸಿದ, ಬೆಂಡಿನ ಹಿಡಿ ತರಿಸಿದ, ದಾರ ಹಾಯುವ ಪುಟ್ಟ ಪುಟ್ಟ ರಿಂಗು ತರಿಸಿದ. ಆ ರಿಂಗುಗಳನ್ನು ಕೋಲಿಗೆ ಕಟ್ಟುವ ನೂಲು ಮಾತ್ರ ನನ್ನ ಅಂಗಡಿಯದು. ಕೇಳಿ ತೆಗೆದುಕೊಳ್ಳುವ ಅಭ್ಯಾಸ ಅವನಿಗಿಲ್ಲ. ಮೂಡಿಗೆರೆಯಿಂದ ಕಳಸದವರೆಗೆ ಯಾವ ತೋಟದ ಮನೆಯಲ್ಲಿ ಅವನ ಕೋಲು ಕಂಡರೂ ನಾನು ಹತ್ತಿರ ಹೋಗಿ ನೋಡುತ್ತೇನೆ. ಯಾವ ಮದುಮಗಳ ರವಿಕೆಯ ನೂಲು ಎನ್ನುವುದು ನನಗೆ ಗುರುತು ಸಿಗುತ್ತದೆ.

ಇಷ್ಟಾದರೆ ಕಥೆ ಹೇಳುವ ಅಗತ್ಯವೇ ಇರಲಿಲ್ಲ. ಸಮಸ್ಯೆ ಏನೆಂದರೆ, ಹಾಲೇಶಣ್ಣ ಲಿಂಗವಂತರ ಮನೆಯವನು. ಕೊರಳಲ್ಲಿ ಲಿಂಗ, ಹಣೆಯಲ್ಲಿ ವಿಭೂತಿ. ಮೊಟ್ಟೆ ಹಾಕಿದ್ದಾರೆಂದು ಕೇಕು ಮುಟ್ಟುವವನಲ್ಲ. ಜೀವಮಾನದಲ್ಲಿ ಒಂದು ಮೀನು ಹಿಡಿದಿಲ್ಲ, ತಿಂದಿಲ್ಲ, ಸರಿಯಾಗಿ ನೋಡಿಯೂ ಇಲ್ಲ. ಗಿರಾಕಿಗಳು ದೊಡ್ಡ ಮೀನು ಹಿಡಿದು ವಾಟ್ಸಾಪಿನಲ್ಲಿ ಫೋಟೋ ಕಳಿಸಿದರೆ, ಮೀನಿನ ಮೇಲೆ ಹೆಬ್ಬೆರಳು ಮುಚ್ಚಿ ಫೋಟೋವನ್ನು ನನಗೆ ತೋರಿಸುತ್ತಾನೆ. “ನೋಡು ಶಿಲ್ಪಾ, ಕೋಲು ಎಂತ ಚೆಂದ ಬಾಗಿದೆ!”

“ಬೆರಳು ತೆಗಿ ಹಾಲೇಶಣ್ಣ, ಮೀನು ನೋಡ್ತೀನಿ” ಎಂದರೆ, “ಅದೆಲ್ಲ ಎಂತಕ್ಕೆ ಈಗ” ಎಂದು ಫೋನು ಜೇಬಿಗೆ ಹಾಕುತ್ತಾನೆ. ನಮ್ಮ ಮನೆಯಲ್ಲಿ ಭಾನುವಾರ ಮೀನು ಸಾರಿಲ್ಲದಿದ್ದರೆ ಜಗಳವಾಗುತ್ತದೆ. ನನ್ನ ಹೊಟ್ಟೆ ಉರಿಯುವುದಿಲ್ಲವೇ!

ಅವನ ತಾಯಿ ಕಲ್ಲಮ್ಮನವರಂತೂ ಮೊದಮೊದಲು ದಿನಾ ಅತ್ತರು. ‘ಎಲ್ಲಾ ಬಿಟ್ಟ ಮಗ ಭಂಗಿ ನೆಟ್ಟ’ ಎಂದು ಬೀದಿಗೆಲ್ಲ ಕೇಳುವಂತೆ ಹೇಳಿಕೊಂಡರು. ಮೀನಿನ ಕೋಲು ಮಾಡುವವನಿಗೆ ನಮ್ಮವರಲ್ಲಿ ಹೆಣ್ಣು ಯಾರು ಕೊಡುತ್ತಾರೆ ಎನ್ನುವುದು ಅವರ ಚಿಂತೆ. ಅದು ನಿಜವೂ ಆಯಿತು, ನಲವತ್ತು ದಾಟಿದರೂ ಯಾರೂ ಕೊಟ್ಟಿಲ್ಲ. ಅವನು ಮಾತ್ರ, “ಆಚಾರ್ರು ಮಾಡಿದ ಕಿವಿಯೋಲೆನ ಆಚಾರ್ರೇ ಹಾಕ್ಕೊಂಡು ಓಡಾಡ್ತಾರಾ ಅವ್ವ? ನಾನು ಮಾಡೋದು ಕೋಲು. ಅದರ ತುದೀಲಿ ಎಂತ ಸಿಕ್ತದೆ ಅನ್ನೋದು ಅವರವರ ಕರ್ಮ” ಎಂದು ಬಾಯಿ ಮುಚ್ಚಿಸುತ್ತಿದ್ದ.

ಅವನ ಜಂಬವೆಲ್ಲ ಒಂದೇ ವಿಷಯದಲ್ಲಿ, ಬ್ಯಾಲೆನ್ಸು. ಕೋಲು ಮುಗಿದ ಮೇಲೆ ದಾರ ಸುತ್ತುವ ರೀಲು ಸಿಕ್ಕಿಸಿ, ಹಿಡಿಯ ಹತ್ತಿರ ತೋರುಬೆರಳ ಮೇಲೆ ಇಟ್ಟುಕೊಂಡು, ನಾಲಿಗೆ ಕಚ್ಚಿ ನಿಲ್ಲುತ್ತಾನೆ. ತುದಿ ಕೆಳಗೆ ವಾಲಿದರೆ ಮೂತಿ ಭಾರ, ಹಿಡಿದವರ ಮಣಿಕಟ್ಟು ಸೋಲುತ್ತದೆ. ಬುಡ ಕೆಳಗೆ ವಾಲಿದರೆ ಕೋಲು ಮಂಕು, ಮೀನು ಮುಟ್ಟಿದ್ದು ಕೈಗೆ ಗೊತ್ತಾಗುವುದಿಲ್ಲ. ಮೂತಿ ಭಾರವಾದರೆ ಬುಡಕ್ಕೊಂದು ಸ್ಕ್ರೂ ಹಾಕಿ ಅದಕ್ಕೆ ತೂಕ ಪೋಣಿಸುತ್ತಾನೆ. ಯಾವ ತೂಕ? ನನ್ನ ಹೊಲಿಗೆ ಮಿಷನ್ನಿನ ಬಾಬಿನ್! ಒಂದು ಹಾಕಿ ನೋಡುವುದು, ಇನ್ನೊಂದು ಹಾಕುವುದು, ಒಂದು ತೆಗೆಯುವುದು. ಕೋಲು ಬೆರಳ ಮೇಲೆ ಅಲುಗದೆ ಮಲಗಿತೆಂದರೆ ಅವನ ಮುಖ ನೋಡಬೇಕು. ನನಗೆ ಆ ದಿನ ಹೊಲಿಯಲು ಬಾಬಿನ್ ಇರುವುದಿಲ್ಲ.

ಬೆರಳ ಪರೀಕ್ಷೆಯಾದ ಮೇಲೆ ಎಳೆತದ ಪರೀಕ್ಷೆ. ಅದಕ್ಕೆ ಮೀನು ಬೇಕಲ್ಲ? ಹಲಗೆ ಗೋಡೆಯನ್ನು ಕುಟ್ಟುತ್ತಾನೆ. “ಶಿಲ್ಪಾ, ಸ್ವಲ್ಪ ಮೀನಾಗು ಮಾರಾಯ್ತಿ.” ನಾನು ಬೈದುಕೊಂಡೇ ಹೋಗುತ್ತೇನೆ. ಅವನು ಅಂಗಡಿಯ ಮೆಟ್ಟಿಲ ಮೇಲೆ ಕೋಲು ಹಿಡಿದು ನಿಲ್ಲುತ್ತಾನೆ. ನಾನು ದಾರದ ತುದಿಯನ್ನು ಒಂದು ಕಡ್ಡಿಗೆ ಸುತ್ತಿ ಹಿಡಿದು ಬಸ್ ಸ್ಟಾಪಿನ ಕಡೆ ಎಳೆಯುತ್ತೇನೆ. ಕೋಲು ಬಾಗುತ್ತದೆ. ಅವನು ಕಣ್ಣು ಮುಚ್ಚಿ, ‘ಆಹಾ’ ಎನ್ನುತ್ತಾನೆ. ಆಮೇಲೆ “ಸಾಕು, ಬಾ” ಎಂದರೆ ನಾನು ದಾರ ಹಿಡಿದುಕೊಂಡು ಅವನ ಹತ್ತಿರ ನಡೆದು ಬರುತ್ತೇನೆ. ಪರೀಕ್ಷೆ ಮುಗಿಯಿತು. ವರ್ಷಗಟ್ಟಲೆ ಹೀಗೇ ನಡೆದಿದೆ.

ಇನ್ನು ತಿಮ್ಮಮ್ಮನವರ ವಿಷಯಕ್ಕೆ ಬರುತ್ತೇನೆ. ಕೊಟ್ಟಿಗೆಹಾರದ ಕಡೆ ಅವರ ಕಾಫಿ ತೋಟ. ಗಂಡ ಹೋದ ಮೇಲೆ ಮಗ ದೊಡ್ಡವನಾಗುವವರೆಗೆ ತೋಟ ನೋಡಿಕೊಂಡವರು ಅವರೇ. ಮೇಸ್ತ್ರಿಗಳು ಅವರ ಕೆಮ್ಮು ಕೇಳಿದರೆ ಬೀಡಿ ಆರಿಸುತ್ತಿದ್ದರು. ಅಂಥವರು ಸಂಜೆಯಾದರೆ ತೋಟದ ಕೆರೆಯ ಏರಿ ಮೇಲೆ ಕೋಲು ಹಿಡಿದು ಕೂತುಬಿಡುತ್ತಿದ್ದರು. ಇಡೀ ದಿನದಲ್ಲಿ ಅವರು ಯಾರನ್ನೂ ಬೈಯದ ಹೊತ್ತು ಅದೊಂದೇ. ಮೀನು ಹಿಡಿಯುವುದರಲ್ಲಿ ಅವರ ಹೆಸರು ಹೇಳಿದರೆ ಸುತ್ತಿನ ಗಂಡಸರು ಸುಮ್ಮನಾಗುತ್ತಾರೆ.

ಹೋದ ಮಳೆಗಾಲದಲ್ಲಿ ಅವರಿಗೆ ಲಕ್ವ ಹೊಡೆಯಿತು. ದೇವರು ದೊಡ್ಡವನು, ಮಾತು ಉಳಿಯಿತು, ಕಾಲು ಸರಿಹೋಯಿತು. ಬಲಗೈ ಮಾತ್ರ ಅರ್ಧ. ಭುಜದಿಂದ ಎತ್ತುತ್ತಾರೆ, ಮೊಣಕೈ ಮಡಚುತ್ತಾರೆ, ಬೆರಳು ಮುಚ್ಚುವುದಿಲ್ಲ. ಮನೆಯವರು ಆ ಕೈಯ ಮೇಲೊಂದು ಶಾಲು ಹೊದಿಸಿ ಜಗಲಿಯಲ್ಲಿ ಕೂರಿಸಿದರು. ಒಂದು ಸಂಜೆ ಅವರು ಯಾರಿಗೂ ಹೇಳದೆ ಹಳೆಯ ಕೋಲನ್ನು ಎಡಗೈಯಲ್ಲಿ ಹಿಡಿದು ಕೆರೆಗೆ ಹೋದರು. ಮೂತಿ ಭಾರದ ಕೋಲು, ಕೈ ಜಾರಿತು. ಅದನ್ನು ಹಿಡಿಯಲು ಬಗ್ಗಿದವರು ಸೊಂಟದವರೆಗೆ ನೀರಿಗೆ ಬಿದ್ದರು. ಮೇಸ್ತ್ರಿ ಕಂಡು ಎತ್ತಿದ್ದರಿಂದ ಬಚಾವ್. ಮಗ ಮಲ್ಲಿಕಾರ್ಜುನ ಗೌಡರು ಆ ದಿನವೇ ಕೆರೆ ದಾರಿಯ ಗೇಟಿಗೆ ಬೀಗ ಹಾಕಿಸಿದರು. ಕೆಟ್ಟ ಮಗನಲ್ಲ, ಹೆದರಿದ ಮಗ.

ಗೇಟಿಗೆ ಬೀಗ ಬಿದ್ದ ಮೇಲೆ ತಿಮ್ಮಮ್ಮನವರು ಬೈಯುವುದನ್ನು ನಿಲ್ಲಿಸಿದರು. ಕರೆದರೆ ಊಟಕ್ಕೆ ಬರುತ್ತಾರೆ, ಕೂರಿಸಿದಲ್ಲಿ ಕೂರುತ್ತಾರೆ. ಅವರ ಮನೆಯ ಕೆಲಸದವಳು ನನ್ನ ಹತ್ತಿರ, “ಅಮ್ಮೋರು ಬೈದ್ರೆ ಸಾಕಾಗಿತ್ತಕ್ಕಾ” ಎಂದು ಕಣ್ಣೊರೆಸಿಕೊಂಡಳು.

ರವಿಕೆಗೆ ಹುಕ್ಕು ಬೇಡ, ಒಂದೇ ಕೈಯಲ್ಲಿ ಹಾಕುವ ಹಾಗೆ ಒತ್ತುವ ಗುಂಡಿ ಇಡಿಸಬೇಕು ಎಂದು ಗೌಡರು ತಾಯಿಯನ್ನು ಕಾರಿನಲ್ಲಿ ನನ್ನ ಅಂಗಡಿಗೆ ಕರೆತಂದಿದ್ದರು. ನಾನು ಅಳತೆ ತೆಗೆಯುವಾಗ ಸುಮ್ಮನಿರಲಾರದೆ, “ಕೆರೆ ಕಡೆ ಹೋಗ್ತಿಲ್ವಂತೆ ಅಮ್ಮೋರೆ?” ಎಂದುಬಿಟ್ಟೆ. ಹಲಗೆ ಗೋಡೆಯ ಆ ಕಡೆಯಿಂದ ಬಂತು ಉತ್ತರ.

“ಎಡಗೈಗೆ ನಾನು ಮಾಡಿ ಕೊಡ್ತೀನಿ ಅಮ್ಮೋರೆ! ಗರಿ ಹಿಡಿದ ಹಾಗಿರ್ತದೆ. ಹಿಡ್ಕೊಂಡಿದ್ದೀನಿ ಅನ್ನೋದೇ ನಿಮಗೆ ಮರ್ತು ಹೋಗ್ತದೆ!”

ತಿಮ್ಮಮ್ಮನವರು ಮಗನ ಮುಖ ನೋಡಿದರು. ಕೇಳಲಿಲ್ಲ, ಬರೀ ನೋಡಿದರು. ಗೌಡರು ಕಾರಿನ ಕೀ ತಿರುಗಿಸುತ್ತ, “ಒಂದೇ ಸಲ ನೋಡಾಣ ಅಮ್ಮ. ನಾನೂ ಜೊತೆಗಿರ್ತೀನಿ. ಸರಿಯಾಗ್ಲಿಲ್ಲ ಅಂದ್ರೆ ಮತ್ತೆ ಆ ಮಾತೆತ್ತಬಾರದು” ಎಂದರು. ತಿಮ್ಮಮ್ಮನವರು ತಲೆಯಾಡಿಸಿದರು. ಹೋಗುವಾಗ ಕೋಲಿಗೆಂದು ನೂಲಿನ ಡಬ್ಬಿಯಿಂದ ನೇರಳೆ ಬಣ್ಣದ್ದೊಂದನ್ನು ಎಡಗೈಯಲ್ಲಿ ಆರಿಸಿ ಕೊಟ್ಟರು.

ಹಾಲೇಶಣ್ಣ ಆ ಕೋಲಿಗೆ ಜೀವ ತೇದ. ಹಗುರವಾದ ರಿಂಗು, ತೆಳ್ಳಗಿನ ವಾರ್ನಿಷ್, ಹಿಡಿಗೆ ಉಜ್ಜಿ ಉಜ್ಜಿ ನುಣುಪು. ನನ್ನ ಬಾಬಿನ್‌ಗಳೆಲ್ಲ ಹೋದವು. ಎಳೆತದ ಪರೀಕ್ಷೆಗೆ ಬಲಗೈಯನ್ನು ಬೆನ್ನ ಹಿಂದೆ ಕಟ್ಟಿಕೊಂಡು ಎಡಗೈಯಲ್ಲಿ ಹಿಡಿದು ನಿಂತ. ನಾನು ಎಳೆದೆ, ಅವನು ‘ಆಹಾ’ ಎಂದ, ನಾನು ನಡೆದು ಬಂದೆ. ಇಬ್ಬರಿಗೂ ತೃಪ್ತಿಯಾಯಿತು.

ಕೋಲು ತೆಗೆದುಕೊಂಡು ನಾವಿಬ್ಬರೂ ತೋಟಕ್ಕೆ ಹೋದಾಗ ಕೆರೆಯ ಏರಿಯ ಮೇಲೆ ಕುರ್ಚಿ ಹಾಕಿಸಿದ್ದರು. ಹಿಂದೆ ಗೌಡರು, ಪಕ್ಕದಲ್ಲಿ ಮೇಸ್ತ್ರಿ, ಸ್ವಲ್ಪ ದೂರದಲ್ಲಿ ನೀರಿನ ಕಡೆ ನೋಡದೆ ಸಿಲ್ವರ್ ಮರ ನೋಡುತ್ತ ಹಾಲೇಶಣ್ಣ. ತಿಮ್ಮಮ್ಮನವರು ಎಡಗೈಯಲ್ಲಿ ಕೋಲು ಹಿಡಿದರು. ಮೇಸ್ತ್ರಿ ಗಾಳ ಎಸೆದುಕೊಟ್ಟ. ಕೋಲು ಅವರ ಕೈಯಲ್ಲಿ ನಿಂತ ಚೆಂದ ಏನು ಹೇಳಲಿ! ಒಂದಿಷ್ಟೂ ವಾಲಲಿಲ್ಲ. ಅವರ ಹುಬ್ಬಿನ ಗಂಟು ಬಿಚ್ಚಿತು. “ಹಾಲೇಶ, ಒಳ್ಳೆ ಕೆಲಸಗಾರ ಕಣೋ ನೀನು” ಎಂದರು. ಅವನು ಉಬ್ಬಿಹೋದ.

ಆಗ ಮೀನು ಕಚ್ಚಿತು. ದೊಡ್ಡ ಕಾಟ್ಲಾ ಇರಬೇಕು, ಕೋಲು ಚೆನ್ನಾಗಿ ಬಾಗಿತು. ಅವರು ಬಿಡಲಿಲ್ಲ, ಗಟ್ಟಿಯಾಗಿ ಹಿಡಿದರು. ಹಿಡಿದೇ ಇದ್ದರು. ನಾವೆಲ್ಲ ಉಸಿರು ಬಿಗಿಹಿಡಿದು ನೋಡಿದೆವು. ಅವರು ಇನ್ನೂ ಹಿಡಿದೇ ಇದ್ದರು. ಮೀನು ಅಲ್ಲಿ, ಅವರು ಇಲ್ಲಿ. ಅವರು ರೀಲಿನ ಹಿಡಿ ನೋಡಿದರು. ಶಾಲಿನಡಿಯ ಬಲಗೈ ನೋಡಿದರು. ಆಮೇಲೆ ಹಾಲೇಶಣ್ಣನ ಮುಖ ನೋಡಿದರು.

“ಸುತ್ತೋದು ಯಾರೋ?”

“ಅಂದ್ರೆ ಅಮ್ಮೋರೆ?”

“ಮೀನು ಈಚೆ ಬರಬೇಕಲ್ಲೋ!”

ಹಾಲೇಶಣ್ಣ ಕಣ್ಣು ಪಿಳಿಪಿಳಿ ಬಿಟ್ಟು ಕೇಳಿದ, “ಅದು ತಾನೇ ಬರಲ್ವಾ?”

ಅಯ್ಯೋ ಶಿವನೇ! ನನಗೆ ಆಗಲೇ ಹೊಳೆದದ್ದು. ಇಷ್ಟು ವರ್ಷ ಇವನ ಮೀನು ‘ಬಾ’ ಎಂದರೆ ಕಾಲಲ್ಲಿ ನಡೆದು ಬಂದಿದೆ. ಎಳೆಯುತ್ತಿರುವ ಮೀನನ್ನು ರೀಲು ಸುತ್ತಿ ತರಬೇಕು, ಅದಕ್ಕೊಂದು ಗಟ್ಟಿ ಕೈ ಬೇಕು ಎನ್ನುವುದು ಈ ಮನುಷ್ಯನ ತಲೆಗೆ ಬಂದೇ ಇಲ್ಲ. ಎರಡು ಕೈ ಇದ್ದ ಗಿರಾಕಿಗಳಿಗೆ ಅದರಿಂದ ತೊಂದರೆಯಾಗಿರಲಿಲ್ಲ, ಅಷ್ಟೇ.

ಮೇಸ್ತ್ರಿ, “ನಾನು ಸುತ್ತಿಕೊಡ್ತೀನಿ ಅಮ್ಮೋರೆ” ಎಂದು ಮುಂದೆ ಬಂದ. “ಯಾಕೆ, ನನ್ನ ಬಾಯಿಗೆ ಹಾಕಿದ ತುತ್ತನ್ನ ನೀನು ಅಗಿದು ಕೊಡ್ತೀಯಾ? ದೂರ ನಿಲ್ಲು!” ಎಂದು ಗದರಿ, ಅವರು ಎದ್ದು ನಿಂತರು. ಹಿಂದೆ ಹಿಂದೆ ಹೆಜ್ಜೆಯಿಟ್ಟು ಮೀನನ್ನು ಎಳೆದು ತರುವುದು ಅವರ ಉಪಾಯ. ಕಾಲಿಗೆ ಕುರ್ಚಿ ತೊಡರಿತು. ಗೌಡರು ಓಡಿ ಹಿಡಿಯದಿದ್ದರೆ ಏರಿಯಿಂದ ಉರುಳಿಬಿಡುತ್ತಿದ್ದರು. ಕೋಲು ಕೈಬಿಟ್ಟು ನೀರಿಗೆ ಬಿತ್ತು, ಮೀನು ಅದನ್ನು ಎಳೆದುಕೊಂಡು ಹೋಯಿತು.

ಗೌಡರ ತುಟಿ ಬೆಳ್ಳಗಾಗಿತ್ತು. “ಮುಗೀತಮ್ಮ, ಇಲ್ಲಿಗೆ ಮುಗೀತು” ಎಂದರು.

ತಿಮ್ಮಮ್ಮನವರು ಎದುರಾಡಲಿಲ್ಲ. ಕೊಟ್ಟ ಮಾತು ಮಾತೇ. ಹಾಲೇಶಣ್ಣನ ಪಕ್ಕ ಹಾದುಹೋಗುವಾಗ ನಿಂತು, “ನಿನ್ನ ತಪ್ಪಲ್ಲ ಬಿಡೋ ಮಗಾ. ಕೋಲು ಚೆನ್ನಾಗಿತ್ತು” ಎಂದರು. ಅವರು ನಾಲ್ಕು ಬೈದಿದ್ದರೆ ಅವನು ಬದುಕಿಕೊಳ್ಳುತ್ತಿದ್ದ. ಬಣಕಲ್ ಮುಟ್ಟುವವರೆಗೆ ಜೀಪಿನಲ್ಲಿ ಒಂದು ಮಾತಾಡಲಿಲ್ಲ.

ಮರುದಿನ ಮಾತು ಬಂತು, ಬಂದದ್ದು ಇಂಥದ್ದು: “ಆ ಮೀನೇ ಸರಿ ಇಲ್ಲ ಶಿಲ್ಪಾ. ಅಷ್ಟು ದೊಡ್ಡದು ಆ ಕೆರೇಲಿ ಎಂತಕ್ಕೆ ಇರ್ಬೇಕಿತ್ತು?”

ನನಗೆ ಮೊದಲೇ ಮೂಗಿನ ಮೇಲೆ ಕೋಪ. “ಕುಣಿಯಲಾರದವಳು ನೆಲ ಡೊಂಕು ಅಂದಳಂತೆ! ಇಷ್ಟು ವರ್ಷದಲ್ಲಿ ನನ್ನನ್ನ ಒಂದು ಸಲನಾದ್ರೂ ಸುತ್ತಿ ಎಳ್ಕೊಂಡಿದ್ದೀಯಾ? ನಾನು ಕಾಲು ನೋಯಿಸ್ಕೊಂಡು ನಡ್ಕೊಂಡು ಬಂದೆ, ನೀನು ಮೀನು ಹಿಡಿದೆ ಅಂದ್ಕೊಂಡೆ. ಪಾಪ, ಅಲ್ಲಿ ಆ ಅಮ್ಮೋರು ಗೋಡೆ ನೋಡ್ತಾ ಕೂತಿದ್ದಾರೆ. ಥೂ, ನಿನ್ನ ಬ್ಯಾಲೆನ್ಸಿಗೆ ಬೆಂಕಿ ಹಾಕ!”

ಅವನು ತಲೆ ತಗ್ಗಿಸಿ ಒಳಗೆ ಹೋದ. ಆಮೇಲೆ ಮೂಲೆಯ ಕೊಡೆಗಳನ್ನು ಈಚೆ ತೆಗೆದು ರಿಪೇರಿಗೆ ಕೂತ. ಬಂದ ಗಿರಾಕಿಗಳಿಗೆಲ್ಲ ‘ರಾಡ್ ಮಾಡೋದು ಬಿಟ್ಟೆ’ ಎಂದು ಹೇಳಿ ಕಳಿಸುತ್ತಿದ್ದ. ನನ್ನ ಬಾಬಿನ್‌ಗಳು ನನ್ನ ಡಬ್ಬಿಯಲ್ಲೇ ಇರತೊಡಗಿದವು. ಹೇಳಬಾರದು, ನನಗೆ ಅಳು ಬರುವ ಹಾಗಾಗುತ್ತಿತ್ತು.

ಅವನನ್ನು ಎಬ್ಬಿಸಿದ್ದು ಕಲ್ಲಮ್ಮನವರು, ಅವರಿಗೇ ಗೊತ್ತಿಲ್ಲದೆ. ಮಧ್ಯಾಹ್ನ ಮಗನಿಗೆ ಊಟ ತಂದರು. ಒಂದು ಮುಂಗೈಯಲ್ಲಿ ಊಟದ ಕ್ಯಾರಿಯರ್ ನೇತುಬಿದ್ದಿದೆ, ಅದೇ ಕೈಯಲ್ಲಿ ಚೀಲ, ಕೊಡೆಯ ಕೊಕ್ಕೆಯೂ ಅಲ್ಲೇ. ಇನ್ನೊಂದು ಕೈ ಬೈಯಲು ಖಾಲಿ ಬೇಕಲ್ಲ! “ಈಗ್ಲಾದ್ರೂ ಬುದ್ಧಿ ಬಂತಲ್ಲ, ಕೊಡೆ ಮಾಡ್ತಾ ಇದ್ದೀಯಲ್ಲ” ಎಂದು ಆ ಕೈಯನ್ನು ಅವನ ಮುಖದ ಮುಂದೆ ಆಡಿಸುತ್ತಿದ್ದರು. ಅವನು ಆಡುತ್ತಿದ್ದ ಕೈ ನೋಡುತ್ತಿರಲಿಲ್ಲ. ಸಾಮಾನು ಹೊತ್ತು ನಿಂತಿದ್ದ ಕೈ ನೋಡುತ್ತಿದ್ದ. ಆ ಕೈಯ ಬೆರಳುಗಳು ಸುಮ್ಮನೆ ಇಳಿಬಿದ್ದಿದ್ದವು.

“ಅವ್ವ, ಅಲುಗಾಡ್ಬೇಡ!” ಎಂದು ಕಿರುಚಿದ. ಗೋಡೆ ಕುಟ್ಟಿದ. “ಶಿಲ್ಪಾ! ಟೇಪು ತಾ! ಹೊರೋಕೆ ಬೆರಳು ಬೇಕಾಗಿಲ್ಲ ಮಾರಾಯ್ತಿ! ನಾವು ಕೋಲನ್ನ ತಪ್ಪು ಕೈಗೆ ಕೊಟ್ವಿ!”

ಅವನು ಹೇಳಿದ್ದು ನನಗೆ ಅರ್ಥವಾಗಲು ಸ್ವಲ್ಪ ಹೊತ್ತು ಹಿಡಿಯಿತು. ಗಟ್ಟಿ ಇರುವುದು ಎಡಗೈ. ಅದಕ್ಕೆ ಕೋಲು ಕೊಟ್ಟರೆ ಸುತ್ತಲು ಕೈ ಇಲ್ಲ. ಬಲಗೈ ಹಿಡಿಯಲಾರದು, ಆದರೆ ಹೊರಬಲ್ಲದು. ಕೋಲಿನ ಬುಡವನ್ನು ಉದ್ದ ಮಾಡಿ ಮುಂಗೈಯುದ್ದಕ್ಕೂ ಮೊಣಕೈವರೆಗೆ ಮಲಗಿಸಿ ಪಟ್ಟಿ ಕಟ್ಟಿದರೆ, ಬೆರಳು ಮುಚ್ಚದಿದ್ದರೂ ಕೋಲು ಬೀಳುವುದಿಲ್ಲ. ಎಡಗೈ ಸುತ್ತುವುದಕ್ಕೆ ಖಾಲಿ. ಕಲ್ಲಮ್ಮನವರು ಮಾತ್ರ, “ಇವನಿಗೆ ಎಂತಾಯ್ತೇ ಶಿಲ್ಪಾ, ಗಾಳಿ ಮೆಟ್ಟಿತಾ?” ಎಂದು ಕ್ಯಾರಿಯರ್ ಸಮೇತ ಅಲುಗದೆ ನಿಂತಿದ್ದರು.

ಪಟ್ಟಿ ಹೊಲಿಯುವ ಕೆಲಸ ನನ್ನದಾಯಿತು. ಕೊಡೆ ಬಟ್ಟೆಯ ಹೊರಮೈ, ಒಳಗೆ ಮೆತ್ತನೆಯ ಫ್ಲಾನೆಲ್, ಒಂದೇ ಕೈಯಲ್ಲಿ ಅಂಟಿಸಲು ವೆಲ್ಕ್ರೋ. ಅಳತೆಗೆ ರವಿಕೆಯ ನೆಪ ಹೇಳಿ ತೋಟಕ್ಕೆ ಹೋದೆ. ಶಾಲು ಸರಿಸಿ ಬಲ ಮುಂಗೈಗೆ ಟೇಪು ಸುತ್ತಿದಾಗ ತಿಮ್ಮಮ್ಮನವರು, “ಈ ಕೈಗೆ ಎಂತಕ್ಕೆ ಅಳತೆ?” ಎಂದರು. “ಉದ್ದ ತೋಳು ಇಡ್ತಿದ್ದೀನಿ, ಈಗ ಅದೇ ಫ್ಯಾಷನ್” ಎಂದೆ. “ನನ್ನ ವಯಸ್ಸಿಗೆ ಫ್ಯಾಷನ್ ಬೇರೆ” ಎಂದು ಮತ್ತೆ ಗೋಡೆಯ ಕಡೆ ತಿರುಗಿದರು. ಕೈ ತಣ್ಣಗಿತ್ತು.

ಈ ಸಲದ ಬ್ಯಾಲೆನ್ಸು ಹಾಲೇಶಣ್ಣನ ಬೆವರಿಳಿಸಿತು. ಬೆರಳ ಮೇಲಿನ ಲೆಕ್ಕ ಇಲ್ಲಿ ನಡೆಯಲಿಲ್ಲ. ತನ್ನ ಬಲಗೈ ಬೆರಳುಗಳಿಗೆ ನನ್ನ ಚಿಂದಿ ಬಟ್ಟೆ ಸುತ್ತಿ ಮುಚ್ಚದಂತೆ ಮಾಡಿಕೊಂಡು, ಪಟ್ಟಿ ಕಟ್ಟಿ, ಮೊಣಕೈಯನ್ನು ಕುರ್ಚಿಯ ಕೈಗೆ ಊರಿ ಕೂತ. ತೂಕ ನಿಲ್ಲಬೇಕಾದ್ದು ಮಣಿಕಟ್ಟಿನ ಕೆಳಗೆ. ರೀಲನ್ನು ಹಿಂದೆ ಸರಿಸಿದ, ಮುಂದೆ ತಂದ. ಮೊಣಕೈ ಕಡೆಯ ಬುಡಕ್ಕೆ ಬಾಬಿನ್ ಪೋಣಿಸಿದ, ತೆಗೆದ. ಕೊನೆಗೆ ಗೋಡೆ ಕುಟ್ಟಿದ. “ಮೀನಾಗು. ಆದ್ರೆ ಈ ಸಲ ನಾನು ಕರೆದ್ರೂ ಬರಬೇಡ. ಸುತ್ತಿದ್ರೆ ಮಾತ್ರ ಬಾ.”

ಬಂತಲ್ಲ ನನ್ನ ಕಾಲ! ಎಳೆದ ಎಳೆತಕ್ಕೆ ಕುರ್ಚಿ ಸಮೇತ ಮೆಟ್ಟಿಲಿಂದ ಇಳಿದುಬಂದ. ಬಸ್ಸಿನವರು ಇಳಿದು ನಿಂತು ನೋಡಿದರು. ಯಾರೋ, “ಬಿಡ್ಬೇಡ ಅಕ್ಕಾ!” ಎಂದು ಕೂಗಿದರು. ಅವನು ಎದ್ದು, ಧೂಳು ಕೊಡವಿ, ಪಟ್ಟಿ ಇನ್ನಷ್ಟು ಹಿಂದೆ ಸರಿಸಿ, ಮತ್ತೆ ಕೂತ. ದಿನಾ ಇದೇ. ಕಡೆಗೊಂದು ಮಧ್ಯಾಹ್ನ ನಾನು ಎಷ್ಟು ಒದ್ದಾಡಿದರೂ ಅವನು ನನ್ನನ್ನು ಸುತ್ತಿ ಸುತ್ತಿ ಮೆಟ್ಟಿಲ ತನಕ ತಂದುಬಿಟ್ಟ.

ಆ ಹೊಸ ಕೋಲು ತೆಗೆದುಕೊಂಡು ತೋಟಕ್ಕೆ ಹೋದಾಗ ಕಣದ ತುಂಬ ಸಿಪ್ಪೆ ಸುಲಿದು ತೊಳೆದ ಪಾರ್ಚ್‌ಮೆಂಟ್ ಕಾಫಿ ಒಣಗುತ್ತಿತ್ತು. ಗೌಡರು ಕೋಲು ನೋಡಿದರು, ನಮ್ಮನ್ನು ನೋಡಿದರು. “ಹಾಲೇಶ್, ನಿನ್ನ ಮೇಲೆ ನಂಗೆ ಸಿಟ್ಟಿಲ್ಲ. ಆದ್ರೆ ಅಮ್ಮನ್ನ ಮತ್ತೆ ಕೆರೆಗೆ ಕಳ್ಸಲ್ಲ. ಅವತ್ತು ಬಿದ್ದಿದ್ರೆ ನಾನು ಎಂತ ಮಾಡ್ಬೇಕಿತ್ತು?” ಹಾಲೇಶಣ್ಣ ವಾಪಸ್ ಹೊರಡಲು ತಿರುಗಿಯೇಬಿಟ್ಟ.

ನಾನು ಬಿಡುತ್ತೇನಾ? “ಕೆರೆ ಬೇಡ ಗೌಡ್ರೆ, ಈ ಕಣದಲ್ಲೇ ಆಗ್ಲಿ. ಇಲ್ಲಿ ಮುಳುಗೋಕೆ ನೀರಿಲ್ಲ. ಮೀನು ನಾವೇ ತಂದಿದ್ದೀವಿ.”

“ಮೀನಾ? ಎಲ್ಲಿ?”

“ನಿಮ್ಮೆದುರಿಗೇ ನಿಂತಿದೆ.”

ಅಷ್ಟರಲ್ಲಿ ಜಗಲಿಯಿಂದ ತಿಮ್ಮಮ್ಮನವರು ಎದ್ದು ಬಂದಿದ್ದರು. ಮುಂಗೈಗೆ ಮಾಡಿದ ಪಟ್ಟಿಗಳನ್ನು ನೋಡಿದರು. ನನ್ನ ಕಡೆ ಒಂದು ನೋಟ ಹರಿಸಿ, “ಉದ್ದ ತೋಳಾ ಇದು?” ಎಂದರು. ಆಮೇಲೆ ಶಾಲು ತೆಗೆದು ಕುರ್ಚಿಯಲ್ಲಿ ಕೂತು, ಬಲಗೈ ಮುಂದೆ ಚಾಚಿದರು. ಗೌಡರು ಬೇಡ ಎನ್ನಲಿಲ್ಲ. ಪಟ್ಟಿಯನ್ನು ತಿಮ್ಮಮ್ಮನವರೇ ಎಡಗೈಯಲ್ಲಿ ಅಂಟಿಸಿಕೊಂಡರು. ಭುಜ ಎತ್ತಿದರು. ಕೋಲು ಮೇಲಕ್ಕೆ ಬಂತು, ನಿಂತಿತು.

ನಾನು ದಾರದ ತುದಿ ಹಿಡಿದು ಕಣದ ಆ ಕೊನೆಗೆ ಹೋದೆ. ನಿಜ ಹೇಳುತ್ತೇನೆ, ಸ್ವಲ್ಪ ಎಳೆದ ಹಾಗೆ ಮಾಡಿ ಸುಮ್ಮನೆ ಬಂದುಬಿಡೋಣ ಎಂದೇ ನನ್ನ ಮನದಲ್ಲಿತ್ತು. ಪಾಪ, ವಯಸ್ಸಾದ ಜೀವ, ಮಗನೂ ಒಪ್ಪಬೇಕಲ್ಲ. ಹಾಗೇ ನಾಲ್ಕು ಹೆಜ್ಜೆ ಬಂದೆ. ಅವರು ಸುತ್ತುವುದನ್ನು ನಿಲ್ಲಿಸಿಬಿಟ್ಟರು.

“ಏಯ್ ಶಿಲ್ಪಾ! ಸತ್ತ ಮೀನೇನೇ ನೀನು? ನಂಗೆ ಕನಿಕರ ತೋರಿಸ್ತೀಯಾ? ಎಳಿಯೇ!”

ಎಷ್ಟು ತಿಂಗಳಾದ ಮೇಲೆ ಕೇಳಿದ ಬೈಗುಳ ಅದು! ನನಗೆ ಖುಷಿಯೂ ಆಯಿತು, ಸಿಟ್ಟೂ ಬಂತು. ಸರಿ, ಹಾಗಾದರೆ ನೋಡೇಬಿಡೋಣ ಎಂದು ಸೆರಗು ಬಿಗಿದು ಎಳೆದೆ. ರೀಲು ಕಿರ್ರೆಂದು ದಾರ ಬಿಟ್ಟಿತು. ಎಡಕ್ಕೆ ಓಡಿದೆ, ಬಲಕ್ಕೆ ಓಡಿದೆ. “ಪಾರ್ಚ್‌ಮೆಂಟ್ ತುಳೀಬೇಡಿ! ಪಾರ್ಚ್‌ಮೆಂಟ್!” ಎಂದು ತೋಟದ ಲೆಕ್ಕ ಬರೆಯುವ ರೈಟರ್ ತಲೆ ತಲೆ ಚಚ್ಚಿಕೊಂಡರು. ಕೆಲಸದ ಹೆಂಗಸರು ಹೊಟ್ಟೆ ಹುಣ್ಣಾಗುವಂತೆ ನಗುತ್ತಿದ್ದರು. ಗೌಡರು ತಾಯಿಯ ಕುರ್ಚಿ ಹಿಡಿಯಲು ಮುಂದೆ ಬಂದರು. “ಮುಟ್ಟಬೇಡ!” ಎಂದರು ತಿಮ್ಮಮ್ಮನವರು.

ಆ ದಾರ ಎಂಥದ್ದೆಂದರೆ, ಅವರ ಕೈ ನಡುಗುವುದು ನನ್ನ ಬೆರಳಿಗೆ ಬಂದು ಮುಟ್ಟುತ್ತಿತ್ತು. ಮೊದಮೊದಲು ಸಣ್ಣಗೆ ಒಂದೇ ಸಮನೆ ನಡುಕ. ಬಿಟ್ಟುಬಿಡಲೇ ಎನ್ನಿಸಿತು. ಬಿಡಲಿಲ್ಲ. ಬರಬರುತ್ತ ನಡುಕ ನಿಂತಿತು. ಮಣಿಕಟ್ಟಿನ ಕೆಳಗೆ ಹಾಲೇಶಣ್ಣ ಇಟ್ಟ ತೂಕದ ಮೇಲೆ ಅವರ ತೋಳು ಕೂತುಬಿಟ್ಟಿತ್ತು. ಆಮೇಲೆ ನನ್ನದೇನೂ ನಡೆಯಲಿಲ್ಲ. ನಾನು ಎಳೆದಾಗ ಅವರು ಬಿಟ್ಟರು, ನಾನು ಉಸಿರು ತೆಗೆದುಕೊಂಡಾಗ ಸುತ್ತಿದರು. ಯಾವ ಕಡೆ ತಿರುಗುತ್ತೇನೆಂದು ನನಗಿಂತ ಮೊದಲೇ ಅವರಿಗೆ ಗೊತ್ತಾಗುತ್ತಿತ್ತು. ಹಾಲೇಶಣ್ಣ ಹೇಳಿಕೊಟ್ಟದ್ದಲ್ಲ ಅದು, ಅವರದೇ ವಿದ್ಯೆ. ಬೆವರಿ, ಏದುಸಿರು ಬಿಟ್ಟು, ಕೊನೆಗೆ ಅವರ ಕುರ್ಚಿಯ ಕಾಲ ಹತ್ತಿರ ಬಂದು ಧೊಪ್ಪೆಂದು ಕೂತೆ.

ಅವರು ನನ್ನ ಕಡೆ ನೋಡಲಿಲ್ಲ. ಇನ್ನೂ ಎತ್ತಿಯೇ ಇದ್ದ ಬಲಗೈಯನ್ನು ನೋಡುತ್ತಿದ್ದರು. ಯಾರದೋ ಕೈ ನೋಡುವ ಹಾಗೆ ನೋಡಿದರು.

“ಈ ಕೈ ಒಂದು ಇದೆ ಅನ್ನೋದನ್ನೇ ಮನೇಲೆಲ್ಲ ಮರ್ತಿದ್ರು” ಎಂದರು. ಆಮೇಲೆ, “ನಾನೂ ಮರ್ತಿದ್ದೆ” ಎಂದರು.

ನನಗೆ ಕಣ್ಣಲ್ಲಿ ನೀರು ಬಂತು, ಮುಚ್ಚಿಡಲೂ ಇಲ್ಲ. ಹಾಲೇಶಣ್ಣ ಕೋಲಿನ ಬುಡದ ಸ್ಕ್ರೂ ಬಿಗಿ ಮಾಡುವವನಂತೆ ಬಗ್ಗಿ ನಿಂತಿದ್ದ, ಬಿಗಿ ಮಾಡಲು ಅಲ್ಲಿ ಏನೂ ಇರಲಿಲ್ಲ.

ಗೌಡರು ಹತ್ತಿರ ಬಂದರು. “ಅದೆಲ್ಲ ಸರಿಯಮ್ಮ. ಆದ್ರೆ ಕೆರೆ ಅಂದ್ರೆ...”

“ಮಲ್ಲು, ಎರೆಹುಳ ಬೇಕು.”

“ಅಮ್ಮ, ನಾನು ಹೇಳೋದು ಸ್ವಲ್ಪ...”

“ದನದ ಕೊಟ್ಟಿಗೆ ಹಿಂದೆ, ಗೊಬ್ಬರದ ಗುಂಡಿ ಪಕ್ಕದಲ್ಲಿ ಸಿಕ್ತದೆ. ದಪ್ಪದ್ದು ನೋಡಿ ತಾ. ಆಳಿನ ಕೈಲಿ ತರಿಸ್ಬೇಡ, ಹೋದ ಸಲ ಸಣ್ಣದು ತಂದಿದ್ದ. ನಿಂತ್ಕೊಂಡು ಎಂತ ನೋಡ್ತೀಯಾ? ಬಿಸಿಲು ಇಳಿಯೋದ್ರೊಳಗೆ ಹೋಗಿ ಬಾ!”

ಆಳುಕಾಳು, ರೈಟರ್, ಮೇಸ್ತ್ರಿ ಎಲ್ಲರೂ ನೋಡುತ್ತಿದ್ದರು. ಗೌಡರು ಜೇಬಿನಿಂದ ಗೇಟಿನ ಬೀಗದ ಕೀ ತೆಗೆದು ಮೇಸ್ತ್ರಿಯ ಕೈಗೆ ಕೊಟ್ಟರು. ಇಸ್ತ್ರಿ ಮಾಡಿದ ಪ್ಯಾಂಟನ್ನು ಮೊಣಕಾಲಿನವರೆಗೆ ಮಡಚಿದರು. ಒಂದು ತೆಂಗಿನ ಚಿಪ್ಪು ಎತ್ತಿಕೊಂಡು, ಕೊಟ್ಟಿಗೆಯ ಹಿಂದೆ ಹೋಗಿ, ಕುಕ್ಕರಗಾಲಲ್ಲಿ ಕೂತು ಎರೆಹುಳ ಹುಡುಕತೊಡಗಿದರು.